ತಕ್ಕರು ಹಾಕಿದ ಎರಡನೆಯ ಕಟ್ಟು

ಪಶುವೈದ್ಯ ಇಲಾಖೆಗೆ ಹೊಸದಾಗಿ ಕಂಪೌಂಡರ್ ಆಗಿ ಸೇರುವವರಿಗೆ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯಲು ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಅದನ್ನು ತಪ್ಪಿಸಲು ನೋಡಿದರು ಎಂಬ ಸಂಗತಿಗಳು ಇದರಲ್ಲಿಲ್ಲ. ಹಸುವಿಗೆ ಒದೆಯಲು ಬರುತ್ತದೆ, ಎಮ್ಮೆಗೆ ಒರಗಲು ಬರುತ್ತದೆ, ದನದ ಯಜಮಾನನಿಗೆ ಎರಡೂ ಬರುತ್ತವೆ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ನೀವೇ ಕಲಿಯುತ್ತೀರಿ.

ನನ್ನ ತಂದೆ ಮಡಿಕೇರಿಯ ಒಂದು ದೇವಸ್ಥಾನದಲ್ಲಿ ಅರ್ಚಕರು. ಮಗ ಮೇಷ್ಟರಾಗಲಿ, ಇಲ್ಲವಾದರೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಲಿ ಎಂದು ಅವರ ಆಸೆ. ನನಗೆ ಸಿಕ್ಕಿದ್ದು ದನದ ಆಸ್ಪತ್ರೆ. ಸತ್ತ ದನವನ್ನೂ ಮುಟ್ಟಬೇಕಾಗುತ್ತದೆ ಎಂದು ತಿಳಿದಾಗ ಅವರು ಕಲಸಿದ ಅನ್ನವನ್ನು ಎಲೆಯ ಅಂಚಿಗೆ ಸರಿಸಿಬಿಟ್ಟರು. "ಗೋಸೇವೆ ಅಂದ್ಕೊಳ್ಳಿ ಅಪ್ಪಯ್ಯ" ಎಂದೆ. "ಸೇವೆ ಮಾಡು, ಬೇಡ ಅನ್ನೋದಿಲ್ಲ. ಮನೆಗೆ ಬಂದ್ರೆ ಮೊದಲು ಬಾವಿಕಟ್ಟೆ, ಆಮೇಲೆ ಹೊಸ್ತಿಲು" ಎಂದರು. ಅವರು ಇರುವವರೆಗೂ ನಾನು ಆ ಮಾತನ್ನು ಮೀರಲಿಲ್ಲ. ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಬಾವಿಕಟ್ಟೆಯ ಸ್ನಾನ ಎಂದರೆ ಏನೆಂದು ಅಲ್ಲಿಯವರಿಗೇ ಗೊತ್ತು.

ನನ್ನನ್ನು ಮೊದಲು ಹಾಕಿದ್ದು ಹೊಳೆಕೊಪ್ಪಕ್ಕೆ. ಗಾಳಿಬೀಡಿನ ಕಡೆಯ ಬೆಟ್ಟಗಳನ್ನು ದಾಟಿ ಇಳಿದರೆ ಸಿಗುವ ಕಣಿವೆ. ಮೂರು ಕಡೆ ಬೆಟ್ಟ, ನಡುವೆ ಭತ್ತದ ಗದ್ದೆ, ಗದ್ದೆಗಳ ಮಧ್ಯೆ ಹೊಳೆ. ಅದನ್ನು ಪೇಟೆ ಎನ್ನುತ್ತಿದ್ದರು. ಪೇಟೆ ಎಂದರೆ ಒಂದೇ ಬೀದಿ: ಕಮ್ಮಾರನ ಕುಲುಮೆ, ಅಂಚೆಪೆಟ್ಟಿಗೆ, ಸರಾಯಿ ಅಂಗಡಿ, ಮೊಯ್ದು ಕಾಕನ ಚಾದಂಗಡಿ, ಪೋಲಿ ದನಗಳ ದೊಡ್ಡಿ, ಕೊನೆಯಲ್ಲಿ ಹುಲ್ಲು ಹೊದೆಸಿದ ನಮ್ಮ ಆಸ್ಪತ್ರೆ. ವಾರಕ್ಕೊಂದು ದಿನ ಸಂತೆ. ಆ ದಿನ ಬೀದಿಯಲ್ಲಿ ಕೊಡವ ಮಾತು, ಅರೆಭಾಷೆ, ಮಲಯಾಳ, ತುಳು, ಎಸ್ಟೇಟಿನ ಕೂಲಿಗಳ ಲೈನುಮನೆಗಳಿಂದ ಬಂದವರ ತಮಿಳು ಎಲ್ಲಾ ಸೇರಿ ಗದ್ದಲವೋ ಗದ್ದಲ. ಬೇರೆ ದಿನಗಳಲ್ಲಿ ಮಂಜು ಏಳುವವರೆಗೆ ನಾಯಿ ಕೂಡ ಬೊಗಳುತ್ತಿರಲಿಲ್ಲ.

ಊರಿನ ಮನೆಗಳು ಬೀದಿಯಲ್ಲಿರಲಿಲ್ಲ. ಒಂದೊಂದೂ ತನ್ನ ಗದ್ದೆಯ ಅಂಚಿನಲ್ಲಿ, ಮರಗಳ ಮರೆಯಲ್ಲಿ, ಒಂದರ ಹೊಗೆ ಇನ್ನೊಂದಕ್ಕೆ ಕಾಣದ ಹಾಗೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಿದ್ದರು, ಸಾವಾದರೆ ಎರಡು. ಗುಂಡಿನ ಸದ್ದು ಕೇಳಿದರೆ ಗದ್ದೆಯಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ಇನ್ನೊಂದು ಬರುತ್ತದೋ ಎಂದು ಕಿವಿಕೊಟ್ಟು ನಿಲ್ಲುವರು. ಹೀಗೆ ದೂರ ದೂರ ಇದ್ದುಕೊಂಡೇ ಅವರು ಒಬ್ಬರನ್ನೊಬ್ಬರು ಬಿಟ್ಟುಕೊಡದೆ ಬದುಕುತ್ತಿದ್ದರು. ಅದು ನನಗೆ ಅರ್ಥವಾಗಲು ಕೆಲವು ವರ್ಷ ಹಿಡಿಯಿತು.

ನನಗೆ ಅವರಿಟ್ಟ ಹೆಸರು ಸೂಜಿ ಭಟ್ರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಮಡಿಕೇರಿಯಿಂದ ಬಂದ ಒಂದು ಪಾರ್ಸಲ್ಲಿನ ಮೇಲೂ ಯಾರೋ ಅದನ್ನೇ ಬರೆದಿದ್ದನ್ನು ನೋಡಿ ಸುಮ್ಮನಾದೆ.

ನನ್ನ ಮೇಲಧಿಕಾರಿ ಇನ್ಸ್‌ಪೆಕ್ಟರ್ ನಟೇಶ ಅಯ್ಯರ್, ತಂಜಾವೂರಿನ ಕಡೆಯವರು. ಕರಿಯ ಕೋಟು, ಟೋಪಿ, ಯಾವಾಗಲೂ ಗಂಟುಹಾಕಿದ ಹುಬ್ಬು. ನಾನು ಮೊದಲ ಸಲ ದನಕ್ಕೆ ಔಷಧ ಕುಡಿಸಿದ್ದನ್ನು ಅವರು ನಿಂತು ನೋಡಿದರು. ಬಿದಿರಿನ ಗೊಟ್ಟದಲ್ಲಿ ಕಷಾಯ ತುಂಬಿ, ಎತ್ತಿನ ತಲೆ ಆಕಾಶಕ್ಕೆ ಎತ್ತಿ, ಗಟಗಟ ಸುರಿದೆ. ಅರ್ಧ ಅದರ ಶ್ವಾಸಕೋಶಕ್ಕೆ ಹೋಗಬೇಕಿತ್ತು; ಅದರ ಪುಣ್ಯ, ನನ್ನ ಮುಖಕ್ಕೆ ಬಂತು. ಅಯ್ಯರ್ ತಮ್ಮ ಕರವಸ್ತ್ರ ಕೊಟ್ಟು, "ಅದು ನುಂಗಲಿ ಅಂತ ಕಾಯಬೇಕು. ನಿನಗೆ ಯಾರಾದರೂ ಹೀಗೆ ಕಾಫಿ ಕುಡಿಸಿದರೆ ಸುಮ್ಮನಿರುತ್ತೀಯೇನಯ್ಯಾ?" ಎಂದರು. ಆ ಕರವಸ್ತ್ರವನ್ನು ಅವರು ವಾಪಸು ಕೇಳಲಿಲ್ಲ. ಇನ್ನೊಂದು ದಿನ ಸುರಿಯುವ ಮಳೆಯಲ್ಲಿ, ಕರು ಅಡ್ಡ ಸಿಕ್ಕಿಕೊಂಡಿದ್ದ ಒಂದು ಹಸುವಿನ ಹಿಂದೆ ಅದೇ ಮನುಷ್ಯ ಕೋಟು ಬಿಚ್ಚಿ ಸಗಣಿಯಲ್ಲಿ ಅಂಗಾತ ಮಲಗಿದ್ದನ್ನು ಕಂಡೆ. ಕರು ಹೊರಬಂದ ಮೇಲೆ ಎದ್ದು, ಮನೆಯಾಕೆ ಕೊಟ್ಟ ಬಿಸಿನೀರಿನಲ್ಲಿ ಕೈ ತೊಳೆದು, ಟೋಪಿ ನೆಟ್ಟಗೆ ಮಾಡಿಕೊಂಡು ಹೊರಟರು. ನಾನು ಈ ಕೆಲಸವನ್ನು ಪ್ರೀತಿಸಲು ಕಲಿತದ್ದು ಅವತ್ತು.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಯಾವ ಕಾಯಿಲೆಗೂ ಊರಿನವರು ಕಬ್ಬಿಣ ಕಾಯಿಸಿ ಬರೆ ಹಾಕುವರು. ಹೋರಿಗಳ ಬೀಜ ಒಡೆಯಲು ಎರಡು ದೊಣ್ಣೆ ಸಾಕು. ಆ ಕೂಗನ್ನು ಕೇಳಿದವರು ಮರೆಯಲಾರರು. ಆಮೇಲೆ ಇಲಾಖೆಯಿಂದ ದೊಡ್ಡ ಇಕ್ಕಳ ಬಂತು. ಚರ್ಮ ಹರಿಯದೆ, ಒಂದು ತೊಟ್ಟು ರಕ್ತ ಬೀಳದೆ ಒಳಗಿನ ನರ ಮಾತ್ರ ತುಂಡಾಗುವ ಸಲಕರಣೆ. ಊರಿನವರಿಗೆ ನಂಬಿಕೆಯೇ ಬರಲಿಲ್ಲ. "ಭಟ್ರು ಮೈಲಿಗೆ ಅಂತ ಸುಮ್ಮನೆ ಮುಟ್ಟಿ ಬಿಡ್ತಾರೆ" ಎಂದು ಸುದ್ದಿ ಹಬ್ಬಿತು. ಒಬ್ಬ ಯಜಮಾನರಂತೂ ಸಂತೆಗೊಮ್ಮೆ ತಮ್ಮ ಹೋರಿಯನ್ನು ಹೊಡೆದುಕೊಂಡು ಬಂದು, "ಇವತ್ತು ಪಕ್ಕದ ಮನೆ ಹಸುವನ್ನು ನೋಡ್ತು ಭಟ್ರೆ, ನಂಗೆ ಅನುಮಾನ ಉಂಟು" ಎನ್ನುವರು. "ನೋಡೂದಕ್ಕೆ ಎಂತ ತೊಂದರೆ, ಕಣ್ಣಿಗೆ ಇಕ್ಕಳ ಹಾಕ್ಲಿಲ್ಲವಲ್ಲ" ಎಂದು ಕಳಿಸುತ್ತಿದ್ದೆ. ಒಂದು ಮಳೆಗಾಲ ಕಳೆದು ಅದು ಗದ್ದೆಯಲ್ಲಿ ತಲೆ ತಗ್ಗಿಸಿ ಉಳುವುದನ್ನು ಕಂಡ ಮೇಲೆ ಅವರೇ ಬೇರೆಯವರನ್ನು ಕರೆತಂದರು.

ಕೈಲು ಮುಹೂರ್ತದ ದಿನ ಲಸಿಕೆ ಹಾಕಲು ಹೋದದ್ದು ನನ್ನ ಇನ್ನೊಂದು ಹೆಡ್ಡತನ. ನಾಟಿ ಮುಗಿದ ಮೇಲೆ ಬರುವ ಹಬ್ಬ ಅದು. ಎತ್ತುಗಳಿಗೆ ಸ್ನಾನ, ಗಂಧ, ರಜೆ. ಕೋವಿಗಳಿಗೆ ಹೂ, ಪೂಜೆ. ಒದ್ದೆ ಗೋಣಿಯಲ್ಲಿ ಸುತ್ತಿದ ಸೀರಂ ಎಂಬ ರೋಗ ತಡೆಯುವ ಮದ್ದಿನ ಬಾಟಲುಗಳನ್ನು ಹೊತ್ತು ಬೆಳಗ್ಗೆಯಿಂದ ಮನೆ ಮನೆ ಸುತ್ತಿದರೆ ಗಂಡಸರು ಒಬ್ಬರೂ ಇಲ್ಲ. ಎಲ್ಲರೂ ಮೈದಾನದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಿದ್ದರು. ನನ್ನ ಕೈಗೂ ಕೋವಿ ಕೊಟ್ಟರು. ಕಾಯಿ ಹಾಗೇ ಇತ್ತು, ನಾನು ಮಾತ್ರ ಹಿಂದಕ್ಕೆ ಬಿದ್ದೆ. "ಸೂಜಿ ಹಿಡಿಯೂ ಕೈಗೆ ಕೋವಿ ಯಾಕೆ" ಎಂದು ನಕ್ಕು ಎಬ್ಬಿಸಿದವರು ಊರಿನ ತಕ್ಕರು, ಬೆಳ್ಯಪ್ಪನವರು. ನಗುವಾಗಲೂ ಕೈ ಬಿಟ್ಟಿರಲಿಲ್ಲ.

ತಕ್ಕರು ಎಂದರೆ ಊರಿನ ಹಿರಿಯರು. ಅದು ಮನೆತನದಿಂದ ಬರುವ ಸ್ಥಾನ. ಭಗವತಿ ದೇವಸ್ಥಾನದ ಹಬ್ಬವೂ ಊರ ನ್ಯಾಯವೂ ಅವರ ಮಾತಿನಲ್ಲೇ ನಡೆಯಬೇಕು. ಹಬ್ಬಕ್ಕೆ ಕೆಲವು ದಿನ ಮುಂಚೆ ಅವರು ಅಂಬಲದಲ್ಲಿ, ಅಂದರೆ ಊರು ಸೇರುವ ಕಟ್ಟೆಯಲ್ಲಿ, "ಇವತ್ತಿನಿಂದ ಕಟ್ಟು" ಎಂದು ಹೇಳುವರು. ಕಟ್ಟು ಬಿದ್ದ ಮೇಲೆ ಹಸಿ ಮರ ಕಡಿಯುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ, ಮದುವೆ ಮಾಡುವಂತಿಲ್ಲ, ಊರಿನ ದನ ಗಡಿ ದಾಟುವಂತಿಲ್ಲ, ಹೊರಗಿನ ದನ ಒಳಗೆ ಬರುವಂತಿಲ್ಲ. ಬೇರೆ ಊರುಗಳಲ್ಲಿ ಬೇರೆ ನಿಯಮಗಳಿರಬಹುದು, ಹೊಳೆಕೊಪ್ಪದ್ದು ಇದು. ನಾನು ಹೋದ ಮೊದಲ ವರ್ಷ ಗೊತ್ತಿಲ್ಲದೆ ಆಸ್ಪತ್ರೆಯ ಎದುರಿನ ಮರದ ಒಂದು ಕೊಂಬೆಗೆ ಕತ್ತಿ ಎತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಮೊಯ್ದು ಕಾಕ ಓಡಿಬಂದು ನನ್ನ ಕೈ ಹಿಡಿದ. "ಬೇಡ ಭಟ್ರೆ! ಕಟ್ಟು ಉಂಟು!" ಎಂದ. ಮಾಪಿಳ್ಳೆ ಮುಸಲ್ಮಾನನಾದ ಅವನು ಭಗವತಿಗೆ ಕೈಮುಗಿಯುವವನಲ್ಲ, ಆದರೂ ಕಟ್ಟು ಮುಗಿಯುವವರೆಗೆ ಅಂಗಡಿಯಲ್ಲಿ ಕೋಳಿ ಕೊಯ್ಯುತ್ತಿರಲಿಲ್ಲ. ಕಾವಲಿಲ್ಲ, ದಂಡವಿಲ್ಲ, ಪೊಲೀಸರಿಲ್ಲ, ಆದರೂ ಒಂದು ಎಲೆ ಬೀಳುತ್ತಿರಲಿಲ್ಲ.

ಇಷ್ಟು ಹೇಳಿದ್ದು ಮುಂದಿನ ಸಂಗತಿ ನಿಮಗೆ ತಿಳಿಯಲಿ ಎಂದು. ಅದು ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಒಂದು ಮಳೆಗಾಲ.

ಪೇಟೆಗೆ ಬರುವ ಗಾಡಿರಸ್ತೆಯ ಪಕ್ಕದಲ್ಲೇ ಚಿನ್ನಮ್ಮ ಎಂಬಾಕೆಯ ಮನೆ. ಗಂಡ ಜ್ವರದಲ್ಲಿ ತೀರಿಕೊಂಡಿದ್ದ. ಮನೆಯಲ್ಲಿ ಅವಳು, ಅವಳ ಮಗಳು, ಒಂದು ಜೋಡಿ ಎತ್ತು. ಆಗಿನ ಫ್ರೇಜರ್‌ಪೇಟೆಯಿಂದ, ಅದೇ ಈಗಿನ ಕುಶಾಲನಗರದಿಂದ, ಉಪ್ಪು ತರುವ ಗಾಡಿಗಳು ಏರು ಹತ್ತಿ ಸುಸ್ತಾಗಿ ಅವಳ ಮನೆಯ ಬಾಣೆಯಲ್ಲೇ ಎತ್ತು ಬಿಚ್ಚುತ್ತಿದ್ದವು. ಬಾಣೆ ಎಂದರೆ ಗದ್ದೆಯ ಮೇಲಿನ ಹುಲ್ಲುಗಾವಲು. ಅವಳು ಯಾರನ್ನೂ ಬೇಡ ಎಂದವಳಲ್ಲ. ಗಾಡಿಯವರಿಗೆ ಮಜ್ಜಿಗೆ, ಎತ್ತುಗಳಿಗೆ ತನ್ನ ತೊಟ್ಟಿಯ ನೀರು. ಹಾಗೆ ಬಂದ ಯಾವುದೋ ಎತ್ತಿನಿಂದ ಅವಳ ಎತ್ತುಗಳಿಗೆ ರೋಗ ಹಿಡಿಯಿತು. ಎರಡೂ ಸತ್ತವು. ಮಳೆ ಹಿಡಿದಿತ್ತು, ಮಡಿಯಲ್ಲಿ ಸಸಿ ಎದ್ದಿತ್ತು, ಉಳದಿದ್ದರೆ ಆ ವರ್ಷ ಅವಳಿಗೂ ಮಗಳಿಗೂ ಅನ್ನವಿಲ್ಲ.

ನಾನು ಆಗ ಗಾಳಿಬೀಡಿನ ಕಡೆ ಕೆಲವು ದಿನಗಳ ಸುತ್ತಿಗೆ ಹೋಗಿದ್ದೆ. ವಾಪಸು ಬರುವಾಗ ಬೆಟ್ಟದ ತಿರುವಿನಿಂದ ಕೆಳಗೆ ನೋಡಿದರೆ ಚಿನ್ನಮ್ಮನ ಗದ್ದೆಯಲ್ಲಿ ಎಷ್ಟೊಂದು ಜೋಡಿ ಎತ್ತುಗಳು! ಒಂದರ ಹಿಂದೆ ಒಂದು ಸಾಲಾಗಿ ಉಳುತ್ತಿದ್ದವು. ಕೆಸರು ಹಾರುತ್ತಿತ್ತು, ಗಂಡಸರು ಕೂಗು ಹಾಕುತ್ತಿದ್ದರು, ಹೆಂಗಸರು ಅಂಚಿನಲ್ಲಿ ಸಸಿಯ ಕಟ್ಟು ಹಿಡಿದು ನಿಂತಿದ್ದರು. ಎಲ್ಲರಿಗಿಂತ ಮುಂದೆ ಬೆಳ್ಯಪ್ಪನವರ ದೊಡ್ಡ ಬಿಳಿ ಜೋಡಿ. ಯಾರ ಮನೆಯ ಎತ್ತು ಹೋದರೂ ಆ ಊರಿನಲ್ಲಿ ಹೀಗೆಯೇ. ಕರೆಯುವ ಮೊದಲೇ ಅಕ್ಕಪಕ್ಕದವರು ತಮ್ಮ ಎತ್ತು ಹೊಡೆದುಕೊಂಡು ಬರುವರು. ಕೂಲಿಯಿಲ್ಲ, ಲೆಕ್ಕವಿಲ್ಲ, ಮಧ್ಯಾಹ್ನ ಒಂದು ಗಂಜಿ. ನೋಡಿ ನನ್ನ ಕಣ್ಣು ತುಂಬಿತು. ಓಡುತ್ತಾ ಇಳಿದೆ.

ಅಂಚಿನಲ್ಲಿ ಚಿನ್ನಮ್ಮ ಸಿಕ್ಕಳು. "ಎಂತ ಆಯ್ತಕ್ಕ ಎತ್ತುಗಳಿಗೆ?" ಎಂದೆ.

"ಎಂತದೋ ಭಟ್ರೆ. ಕಣ್ಣಲ್ಲಿ ನೀರು, ಹೊಟ್ಟೆ ನಿಲ್ಲಲೇ ಇಲ್ಲ. ಬಾಯಿ ತುಂಬ ಹುಣ್ಣು. ಹುಲ್ಲು ಕೊಟ್ರೆ ನನ್ನ ಮುಖ ನೋಡ್ತಿತ್ತು, ತಿನ್ನಲಿಕ್ಕೆ ಆಗ್ತಿರಲಿಲ್ಲ."

ಅದು ರಿಂಡರ್‌ಪೆಸ್ಟ್, ಜನರ ಬಾಯಲ್ಲಿ ದೊಡ್ಡ ರೋಗ. ನಮ್ಮ ಇಲಾಖೆ ಹುಟ್ಟಿದ್ದೇ ಅದಕ್ಕಾಗಿ. ಒಂದು ದನದಿಂದ ಇನ್ನೊಂದಕ್ಕೆ ಉಸಿರಿನಲ್ಲಿ, ಜೊಲ್ಲಿನಲ್ಲಿ, ಕುಡಿಯುವ ನೀರಿನಲ್ಲಿ ಹೋಗುತ್ತದೆ. ಊರಿಗೆ ಬಂದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿ. ಆ ಎತ್ತುಗಳೆಲ್ಲ ಬೆಳಗ್ಗೆಯಿಂದ ಚಿನ್ನಮ್ಮನ ತೊಟ್ಟಿಯಲ್ಲೇ ನೀರು ಕುಡಿದಿದ್ದವು, ಅವಳ ಕೊಟ್ಟಿಗೆಯಲ್ಲೇ ಮೇವು ತಿಂದಿದ್ದವು. ಊರಿನ ಉಪಕಾರವೇ ಊರಿಗೆ ರೋಗ ಹಂಚಿತ್ತು. ಸಂಜೆಗೆ ಅವು ಬೇರೆ ಬೇರೆ ಮನೆಗಳಿಗೆ ಮರಳಿದವು. ನಾನು ಕೂಗಿದೆ, ಬೇಡಿಕೊಂಡೆ. "ನಮ್ಮ ಎತ್ತಿಗೆ ಎಂತ ಆಗಿಲ್ಲವಲ್ಲ ಭಟ್ರೆ, ನೋಡಿ, ಹೇಗೆ ಹೋಗ್ತಾ ಉಂಟು" ಎಂದು ಸಮಾಧಾನ ಹೇಳಿದರು. ರೋಗ ಮೈಯೊಳಗೆ ಸೇರಿ ಹೊರಗೆ ಕಾಣಲು ಕೆಲವು ದಿನ ಬೇಕು. ಅದನ್ನು ಉಳುವ ಎತ್ತಿನ ಹಿಂದೆ ನಿಂತವನಿಗೆ ಹೇಗೆ ಹೇಳುವುದು?

ಮಡಿಕೇರಿಗೆ ಆಳು ಓಡಿಸಿದೆ. ಅಯ್ಯರ್ ಬಂದರು, ಸೀರಂ ತಂದರು. ಆದರೆ ಊರಿಗೆಲ್ಲ ಸಾಲುವಷ್ಟು ಇರಲಿಲ್ಲ. ಇರುವುದನ್ನು ಉಳಲು ಬಂದಿದ್ದ ಎತ್ತುಗಳಿಗೆ ಹಾಕಿದೆವು. ಸೂಜಿ ಅರ್ಧ ಕೆಲಸ, ಇನ್ನರ್ಧ ದನಗಳನ್ನು ಅವರವರ ಕೊಟ್ಟಿಗೆಯಲ್ಲೇ ಕಟ್ಟಿಹಾಕುವುದು. ಡಂಗುರ ಸಾರಿಸಿದೆವು: ಯಾರೂ ದನ ಹೊರಗೆ ಬಿಡಬಾರದು, ಉಳಬಾರದು, ದನದ ಸಂತೆ ಇಲ್ಲ. ಜನ ಕೇಳಿದರು, ತಲೆಯಾಡಿಸಿದರು, ಮರುದಿನ ಬೆಳಗ್ಗೆ ನೇಗಿಲು ಹೂಡಿದರು. ಅವರನ್ನು ಬೈಯುವುದು ಸುಲಭ. ಮಳೆ ಕಾಯುವುದಿಲ್ಲ, ಸಸಿ ಕಾಯುವುದಿಲ್ಲ. ಸರ್ಕಾರದ ಡಂಗುರ ಮುಂಚೆಯೂ ಎಷ್ಟೋ ವಿಷಯಕ್ಕೆ ಬಡಿದಿತ್ತು.

ಅದಕ್ಕಿಂತ ನನಗೆ ನೋವಾದದ್ದು ಬೇರೆ. ಚಿನ್ನಮ್ಮನ ಮನೆಯ ದಾರಿಯಲ್ಲಿ ಜನ ನಡೆಯುವುದನ್ನು ಬಿಟ್ಟರು. "ಗಾಡಿಯವರನ್ನು ಸೇರಿಸಿದ್ದು ಯಾರು?" ಎಂಬ ಮಾತು ಚಾದಂಗಡಿಯಲ್ಲಿ ಶುರುವಾಯಿತು. ಸಸಿ ನೆಡಲು ಬರುತ್ತೇವೆ ಎಂದಿದ್ದ ಹೆಂಗಸರು ಬರಲಿಲ್ಲ. ಅರ್ಧ ಉತ್ತ ಗದ್ದೆ ನೀರು ನಿಂತು ಹಾಗೇ ಬಿದ್ದಿತ್ತು. ಅವಳು ಆಸ್ಪತ್ರೆಯ ಬೇಲಿಯ ಹೊರಗೆ ನಿಂತು ಕೇಳಿದಳು: "ಭಟ್ರೆ, ನನ್ನಿಂದ ಊರಿಗೆ ಹೀಗಾಯ್ತಾ? ನಿಜ ಹೇಳಿ." ರೋಗ ಯಾರ ತಪ್ಪೂ ಅಲ್ಲ ಎಂದೆ. ಅವಳು ತಲೆಯಾಡಿಸಿ ಹೋದಳು. ನನ್ನ ಒಬ್ಬನ ಮಾತು ಅವಳಿಗೆ ಸಾಲದು ಎಂದು ನನಗೂ ಗೊತ್ತಿತ್ತು.

ಅಯ್ಯರ್ ಆಸ್ಪತ್ರೆಯ ಜಗಲಿಯಲ್ಲಿ ಕುಳಿತು ಖಾಲಿ ಸೀರಂ ಬಾಟಲುಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿದರು. ಆಮೇಲೆ, "ನೀನು ಇಲ್ಲಿ ಇಷ್ಟು ವರ್ಷ ಇದ್ದೀಯ. ಈ ಜನ ಯಾವ ಮಾತಿಗೆ ನಿಲ್ಲುತ್ತಾರೆ, ಹೇಳು" ಎಂದರು. ಮೇಲಧಿಕಾರಿ ಹಾಗೆ ಕೇಳುವುದು ಅಪರೂಪ. ನಾನು ಕಟ್ಟಿನ ವಿಷಯ ಹೇಳಿದೆ. ಅವರು ಎದ್ದು ಛತ್ರಿ ಹಿಡಿದರು. "ನಡಿ, ನಿಮ್ಮ ತಕ್ಕರ ಮನೆಗೆ."

ಬೆಳ್ಯಪ್ಪನವರು ಕೊಟ್ಟಿಗೆಯಲ್ಲಿ ತಮ್ಮ ಬಿಳಿ ಜೋಡಿಯ ಮೈ ಉಜ್ಜುತ್ತಿದ್ದರು. ಮಾತು ಕೇಳಿಸಿಕೊಂಡರು. ಕೈಯ ಹುಲ್ಲಿನ ಸಿಂಬೆ ಕೆಳಗಿಟ್ಟರು.

"ಹಬ್ಬ ಕಳೆದು ಎಷ್ಟೋ ದಿನ ಆಯ್ತು ಸಾಯೇಬ್ರೆ. ಕಟ್ಟು ಬೀಳೂದು ವರ್ಷಕ್ಕೊಂದೇ ಸಲ. ಭಗವತಿ ಅಮ್ಮನ ಹೆಸರಲ್ಲಿ ಸುಳ್ಳು ಕಟ್ಟು ಹಾಕಿದ್ರೆ ನಾಳೆ ನಿಜವಾದ ಕಟ್ಟನ್ನು ಯಾರು ನಂಬ್ತಾರೆ? ಅದು ನಮ್ಮಜ್ಜನ ಕಾಲದಿಂದ ಬಂದದ್ದು. ನನ್ನ ಕೈಯಲ್ಲಿ ಅದು ಹಾಳಾಗೂದು ಬೇಡ."

ನಾನು ಬೇಡಿಕೊಳ್ಳಲು ಬಾಯಿ ತೆರೆದೆ. ಅಯ್ಯರ್ ನನ್ನ ತೋಳು ಹಿಡಿದು ತಡೆದರು. "ನೀವು ಹೇಳುವುದು ಸರಿ" ಎಂದರು. "ಸುಳ್ಳು ಹೇಳಿ ಅಂತ ನಾನು ಕೇಳಲಾರೆ." ಟೋಪಿ ತೆಗೆದು ಎತ್ತಿನ ಹತ್ತಿರ ಹೋಗಿ ಅದರ ಕಿವಿಯ ಬುಡ ಮುಟ್ಟಿದರು. ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟುಕೊಂಡರು. "ಇದಕ್ಕೆ ಜ್ವರ ಇದೆ ಯಜಮಾನರೇ" ಎಂದು ಮೆಲ್ಲಗೆ ಹೇಳಿದರು.

ಬೆಳ್ಯಪ್ಪನವರೂ ಮುಟ್ಟಿ ನೋಡಿದರು. ಆ ಎತ್ತನ್ನು ಕರುವಿನಿಂದ ಸಾಕಿದವರು ಅವರು. ಕೆಳಗಿಟ್ಟ ಸಿಂಬೆಯನ್ನು ಎತ್ತಿಕೊಂಡು ಮತ್ತೆ ಅದರ ಮೈ ಉಜ್ಜತೊಡಗಿದರು. ನಾವು ಹೊರಟೆವು.

ಮರುದಿನ ಬೆಳಗ್ಗೆ ಊರೆಲ್ಲ ಅಂಬಲಕ್ಕೆ ಬರಬೇಕೆಂದು ಕರೆ ಹೋಯಿತು. ಮಳೆ ಸ್ವಲ್ಪ ಬಿಟ್ಟಿತ್ತು. ಗಂಡಸರು ಮಳೆಗೆ ಹೊದೆಯುವ ಎಲೆಯ ಗೊರಗ ಹೊದ್ದು ನಿಂತಿದ್ದರು, ಹೆಂಗಸರು ಒಂದು ಕಡೆ. ಚಿನ್ನಮ್ಮ ಎಲ್ಲರಿಗಿಂತ ಹಿಂದೆ, ಮಗಳ ಕೈ ಹಿಡಿದು. ಅವಳ ಸುತ್ತ ಜಾಗ ಖಾಲಿಯಿತ್ತು. ಬೆಳ್ಯಪ್ಪನವರು ಕರಿಯ ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ, ಹಬ್ಬಕ್ಕೆ ಬರುವ ಹಾಗೆ ಬಂದರು. ಕಟ್ಟೆಯ ಮೇಲೆ ನಿಂತರು.

"ಇವತ್ತು ನಾನು ಹೇಳೂದು ಅಮ್ಮನ ಕಟ್ಟಲ್ಲ" ಎಂದರು. "ಅಮ್ಮನ ಕಟ್ಟು ಆಗಿ ಹೋಗಿದೆ. ಇದು ಬೆಳ್ಯಪ್ಪನ ಕಟ್ಟು. ಇದನ್ನು ಮುರಿದ್ರೆ ದೇವರ ಶಾಪ ಇಲ್ಲ. ನನ್ನ ಮಾತಿಗೆ ಬೆಲೆ ಇಲ್ಲ ಅಂತ ಆಗ್ತದೆ, ಅಷ್ಟೇ. ಡಾಕ್ಟ್ರು ಬಿಡಿ ಅನ್ನುವವರೆಗೆ ಒಂದು ದನ ಕೊಟ್ಟಿಗೆಯಿಂದ ಹೊರಗೆ ಬರಬಾರದು. ನನ್ನ ಗದ್ದೆಯೂ ಉಳೂದಿಲ್ಲ."

ಯಾರೋ, "ಆ ರಸ್ತೆಬದಿ ಮನೆಯಿಂದಲ್ಲವಾ ತಕ್ಕರೇ ಇದೆಲ್ಲ..." ಎಂದು ಶುರುಮಾಡಿದರು.

ಬೆಳ್ಯಪ್ಪನವರು ಕೈ ಎತ್ತಿದರು. "ಚಿನ್ನಮ್ಮನ ಗದ್ದೆಗೆ ಎತ್ತು ಇಳಿಸಿ ಅಂತ ಮನೆ ಮನೆಗೆ ಹೇಳಿ ಕಳಿಸಿದ್ದು ಯಾರು? ಅವಳು ಕರೆದಳಾ? ನಾನು ಹೇಳಿದ್ದು. ಮೊದಲು ಇಳಿದದ್ದು ನನ್ನ ಜೋಡಿ. ಇವತ್ತು ಅದರಲ್ಲಿ ಒಂದು ಮಲಗಿದೆ. ರೋಗ ತಂದದ್ದು ಯಾರು ಅಂತ ಕೇಳೂದಾದ್ರೆ ನನ್ನನ್ನು ಕೇಳಿ. ಆ ಹೆಣ್ಣಿನ ಹೆಸರು ಯಾರೂ ಎತ್ತಬಾರದು. ಅದೂ ಕಟ್ಟಿನಲ್ಲಿ ಸೇರ್ತು."

ಇಳಿದು ನೇರ ಹಿಂದಕ್ಕೆ ನಡೆದು ಚಿನ್ನಮ್ಮನ ಪಕ್ಕದ ಖಾಲಿ ಜಾಗದಲ್ಲಿ ನಿಂತರು. ನನ್ನ ಪಕ್ಕದಲ್ಲಿ ಅಯ್ಯರ್ ಕನ್ನಡಕ ತೆಗೆದು ಒರೆಸುತ್ತಿದ್ದರು. ನನಗೂ ಎದುರಿನದು ಸರಿಯಾಗಿ ಕಾಣುತ್ತಿರಲಿಲ್ಲ.

ಆ ಕಟ್ಟನ್ನು ಊರು ಹಿಡಿಯಿತು. ಒಂದು ದನ ಹೊರಗೆ ಬರಲಿಲ್ಲ. ಹುಲ್ಲು ಕೊಯ್ದು ಕೊಟ್ಟಿಗೆಗೇ ಹೊತ್ತರು. ಮೊಯ್ದು ಕಾಕ ಏರಿನ ಬುಡದಲ್ಲಿ ಒಂದು ಸೋಗೆ ಜೋಪಡಿ ಕಟ್ಟಿ, ಬರುವ ಉಪ್ಪಿನ ಗಾಡಿಗಳನ್ನು ಅಲ್ಲೇ ತಡೆದು ಚಹಾ ಕೊಟ್ಟು, ಉಪ್ಪಿನ ಮೂಟೆಗಳನ್ನು ತಲೆಹೊರೆಯಲ್ಲಿ ತರಿಸಿದ. "ಸಂತೆ ಇಲ್ಲದೆ ನನ್ನ ಅಂಗಡಿಗೆ ಮಣ್ಣು ಬಿತ್ತು ಭಟ್ರೆ, ನಿಮ್ಮ ಸೂಜಿಯಿಂದ" ಎಂದು ಎದುರಿಗೆ ಬೈಯುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ನಾನು ಆ ಮನೆಯಿಂದ ಈ ಮನೆಗೆ ಫಿನಾಯಿಲಿನಲ್ಲಿ ಕೈಕಾಲು ತೊಳೆದುಕೊಂಡು ಓಡಾಡಿದೆ. ರೋಗ ಬಿದ್ದದ್ದು ಉಳಲು ಬಂದಿದ್ದ ಕೆಲವು ಮನೆಗಳಲ್ಲಿ ಮಾತ್ರ. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಬೆಳ್ಯಪ್ಪನವರ ಜೋಡಿಯಲ್ಲಿ ಒಂದು ಉಳಿಯಿತು, ಒಂದು ಹೋಯಿತು. ಅದರ ತಲೆ ತೊಡೆಯ ಮೇಲೆ ಇಟ್ಟುಕೊಂಡು ಆ ಮನುಷ್ಯ ಮಗುವಿನ ಹಾಗೆ ಅತ್ತರು. ನನ್ನಿಂದ ಅದನ್ನು ಉಳಿಸಲಾಗಲಿಲ್ಲ.

ಇನ್ನು ಗದ್ದೆಗಳು. ಎತ್ತಿಗೆ ಕಟ್ಟು, ಮನುಷ್ಯರಿಗಿಲ್ಲ ಎಂದು ಮೊದಲು ಹೇಳಿದವರು ಯಾರೋ ನನಗೆ ತಿಳಿಯದು. ಒಂದು ಬೆಳಗ್ಗೆ ಚಿನ್ನಮ್ಮನ ಗದ್ದೆಯಲ್ಲಿ ಗುದ್ದಲಿ ಹಿಡಿದ ಜನ ತುಂಬಿದ್ದರು. ಅಯ್ಯರ್ ಅಂಚಿನಲ್ಲಿ ಫಿನಾಯಿಲಿನ ಬಾನಿ ಇಡಿಸಿ, ಇಳಿಯುವಾಗಲೂ ಹತ್ತುವಾಗಲೂ ಕಾಲು ಅದ್ದಲೇಬೇಕೆಂದು ಕಾವಲು ನಿಂತರು. "ಗಂಜಿಯೂ ಫಿನಾಯಿಲು ವಾಸನೆ ಹೊಡೀತದೆ ಮಾರಾಯ್ರೆ" ಎಂದು ಗೊಣಗುತ್ತಲೇ ಎಲ್ಲರೂ ಅದ್ದಿದರು. ಅವಳ ದಾರಿಯನ್ನು ಬಿಟ್ಟಿದ್ದ ಹೆಂಗಸರೇ ಸಸಿ ನೆಡಲು ಇಳಿದರು. ಒಬ್ಬರೂ ಕ್ಷಮೆ ಕೇಳಲಿಲ್ಲ, ಅವಳೂ ಬಯಸಲಿಲ್ಲ. ಯಾರದೋ ಮಗುವನ್ನು ಅವಳ ಸೊಂಟಕ್ಕೆ ಕೊಟ್ಟು, "ಹಿಡ್ಕೊ ಚಿನ್ನಮ್ಮ, ನಾನು ಆ ಮೂಲೆ ಮುಗಿಸಿ ಬರ್ತೇನೆ" ಎಂದದ್ದು ಕೇಳಿದೆ. ಆಮೇಲೆ ಬೆಳ್ಯಪ್ಪನವರ ಗದ್ದೆ, ಆಮೇಲೆ ಉಳಿದವರದು. ಗುದ್ದಲಿಯಲ್ಲಿ ಅಗೆದ ಗದ್ದೆ ಸಮವಾಗುವುದಿಲ್ಲ. ಆ ವರ್ಷ ಹೊಳೆಕೊಪ್ಪದ ಪೈರು ಒಂದು ಕಡೆ ಎತ್ತರ, ಒಂದು ಕಡೆ ಗಿಡ್ಡ. ಆದರೂ ಎಲ್ಲರ ಗದ್ದೆಯೂ ಹಸಿರಾಗಿತ್ತು.

ಪುತ್ತರಿ ಬಂತು. ಹೊಸ ಭತ್ತದ ಹಬ್ಬ. "ಪೊಲಿ ಪೊಲಿ ದೇವಾ", ಹೆಚ್ಚಾಗಲಿ ದೇವರೇ, ಎಂದು ಕೂಗಿ ಮೊದಲ ತೆನೆ ಕೊಯ್ದು ತಂದು, ಮನೆಯಲ್ಲಿ ಬದುಕಿಗೆ ಬೇಕಾದ ಎಲ್ಲಕ್ಕೂ ಒಂದೊಂದು ಕಟ್ಟುತ್ತಾರೆ. ಬಾಗಿಲಿಗೆ, ಕಂಬಕ್ಕೆ, ಒನಕೆಗೆ, ಬಾವಿಯ ರಾಟೆಗೆ, ಕೊಟ್ಟಿಗೆಗೆ. ಶಾಲೆಗೂ ಕಟ್ಟುತ್ತಿದ್ದರು, ಕಮ್ಮಾರನ ಕುಲುಮೆಗೂ ಕಟ್ಟುತ್ತಿದ್ದರು. ನಮ್ಮ ಆಸ್ಪತ್ರೆಗೆ ಮಾತ್ರ ಯಾರೂ ಕಟ್ಟಿದವರಲ್ಲ. ಅದು ದನ ಸಾಯುವ ಜಾಗ, ಹೆಣ ಕೊಯ್ಯುವ ಜಾಗ. ಹಬ್ಬದ ದಿನಗಳಲ್ಲಿ ಅದರ ಎದುರಿನ ದಾರಿಯನ್ನೇ ಬಿಟ್ಟು ಸುತ್ತಿ ಹೋಗುವರು. ಅದಕ್ಕೆ ನನಗೆ ಬೇಸರವೂ ಇರಲಿಲ್ಲ. ನನ್ನ ಸ್ವಂತ ತಂದೆಯೇ ಬಾವಿಕಟ್ಟೆ ತೋರಿಸಿದವರು.

ಹಬ್ಬದ ಮರುದಿನ ಬೆಳಗ್ಗೆ ಬೇಲಿಯ ಹತ್ತಿರ ಚಿನ್ನಮ್ಮ ಮಗಳೊಂದಿಗೆ ನಿಂತಿದ್ದಳು. ಕೈಯಲ್ಲಿ ಹೊಸ ತೆನೆ, ಮಾವಿನೆಲೆ, ನಾರು. ಈ ಸಲ ಹೊರಗೆ ನಿಲ್ಲಲಿಲ್ಲ. ನೇರ ಒಳಗೆ ಬಂದಳು.

"ಇಲ್ಲಿಗೂ ಒಂದು ಕಟ್ಬೇಕು ಭಟ್ರೆ. ಎಲ್ಲಿ ಕಟ್ಟಲಿ?"

ಬಾಗಿಲು ತೋರಿಸಲು ಹೋದೆ. ಅವಳೇ ಸುತ್ತ ನೋಡಿ, ಅಂಗಳದಲ್ಲಿ ದನಗಳನ್ನು ನಿಲ್ಲಿಸಿ ಸೂಜಿ ಹಾಕುವ ಮರದ ಚೌಕಟ್ಟಿನ ಹತ್ತಿರ ಹೋದಳು. ದನಗಳ ಮೈ ಉಜ್ಜಿ ಉಜ್ಜಿ ನುಣುಪಾಗಿದ್ದ ಮುಂದಿನ ಕಂಬಕ್ಕೆ ತೆನೆ ಕಟ್ಟಿ, ಮಗಳ ಕೈಯಲ್ಲೂ ಒಂದು ಗಂಟು ಹಾಕಿಸಿ, ಕೈಮುಗಿದಳು. "ನಮ್ಮ ಗದ್ದೆಯದೇ" ಎಂದಳು. ಮುಂದಿನ ರಜೆಯಲ್ಲಿ ಮನೆಗೆ ಹೋದಾಗ ತಂದೆಗೆ ಈ ವಿಷಯ ಹೇಳಿದೆ. ಅವರು ಕೇಳಿಸಿಕೊಂಡು, ಒಳಗೆ ಹೋಗಿ, ನನ್ನ ಸ್ನಾನಕ್ಕೆ ತಾವೇ ನೀರು ಕಾಯಿಸಿದರು.

ಆಮೇಲೆ ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡಿದೆ. ಯುದ್ಧ ಬಂತು, ಮುಗಿಯಿತು, ಇಂಗ್ಲಿಷರು ಹೋದರು. ಅಯ್ಯರ್ ನಿವೃತ್ತರಾಗಿ ತಮ್ಮ ಊರಿಗೆ ಹೋದರು. ಬೆಳ್ಯಪ್ಪನವರಿಗೆ ಊರು ಎರಡು ಗುಂಡು ಹಾರಿಸಿದ ದಿನ ನಾನು ಗೋಣಿಕೊಪ್ಪಲಿನಲ್ಲಿದ್ದೆ, ಹೋಗಲಾಗಲಿಲ್ಲ. ಚಿನ್ನಮ್ಮ ಮಗಳ ಮನೆ ಸೇರಿದಳಂತೆ. ಇವರೆಲ್ಲರಿಗೂ ನಾನು ಎಷ್ಟು ಋಣಿ ಎಂದು ಅವರಿರುವಾಗ ಹೇಳುವ ಸಂದರ್ಭವೇ ಬರಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಹೋದ ವರ್ಷ ಪುತ್ತರಿ ಕಳೆದ ಮರುದಿನ ಹೊಳೆಕೊಪ್ಪಕ್ಕೆ ಹೋಗಿದ್ದೆ. ಬಸ್ಸು ಆಸ್ಪತ್ರೆಯ ಎದುರೇ ನಿಲ್ಲುತ್ತದೆ. ಹುಲ್ಲಿನ ಮಾಡು ಹೋಗಿ ಹೆಂಚು ಬಂದಿದೆ, ಮರದ ಚೌಕಟ್ಟು ಹೋಗಿ ಕಬ್ಬಿಣದ್ದು ಬಂದಿದೆ. ಹೊಸ ಕಂಪೌಂಡರ್, ಬಯಲುಸೀಮೆಯ ತರುಣ, ನನ್ನನ್ನು ಕೂರಿಸಿ ಚಹಾ ತರಿಸಿದ. ಅಂಗಳ ನೋಡಿದೆ. ಚೌಕಟ್ಟಿನ ಮುಂದಿನ ಕಬ್ಬಿಣದ ಕಂಬಕ್ಕೆ ಒಂದು ಹೊಸ ತೆನೆ, ಮಾವಿನೆಲೆ, ನಾರು.

"ಇದನ್ನು ಕಟ್ಟಿದ್ದು ಯಾರಪ್ಪ?" ಎಂದು ಕೇಳಿದೆ.

"ಗೊತ್ತಿಲ್ಲ ಸಾರ್. ಯಾರೋ ಬೆಳಗ್ಗೆ ಬಂದು ಕಟ್ಟಿ ಹೋಗ್ತಾರೆ. ಈ ಊರಲ್ಲಿ ಮೊದಲಿಂದಲೂ ಹಾಗೇ ಅಂತೆ."